ಹೊಳೆಯ ಉಸಿರಿನ ಲೆಕ್ಕ

ಇವತ್ತು ಒಂದು ಬಾಟಲಿಯ ಇತಿಹಾಸ ಹೇಳ್ತೇನೆ.

ನಾನು ನೆರಿಯದವನು. ನಮ್ಮ ಕಡೆ ರಬ್ಬರ್ ತೋಟ ಬಹಳ ಉಂಟು. ಹಾಲಿಗೆ ಆಸಿಡ್ ಹಾಕಿ ಶೀಟ್ ಮಾಡಿದ ಮೇಲೆ ಉಳಿಯುವ ನಾರುವ ನೀರನ್ನು ನಮ್ಮ ಮನೆಯವರು ವರ್ಷಗಟ್ಟಲೆ ತೋಡಿಗೇ ಬಿಟ್ಟರು. "ಹರಿಯುವ ನೀರಲ್ವಾ, ತೊಳ್ಕೊಂಡು ಹೋಗ್ತದೆ" ಅಂತ ಅಪ್ಪ ಹೇಳ್ತಿದ್ರು.

ಎಷ್ಟು ನೀರಿದ್ದರೆ ತೊಳ್ಕೊಂಡು ಹೋಗ್ತದೆ? ಆ ಲೆಕ್ಕ ಹಾಕಿದ್ದು ಬ್ರಿಟನ್ನಿನಲ್ಲಿ 1898ರಲ್ಲಿ ನೇಮಕವಾದ, ಚರಂಡಿ ನೀರಿನ ವಿಲೇವಾರಿ ಕುರಿತ ರಾಯಲ್ ಕಮಿಷನ್. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುತ್ತವೆ. ಕೊಳೆ ಹೆಚ್ಚಾದರೆ ಮೀನಿಗೆ ಉಸಿರು ಉಳಿಯುವುದಿಲ್ಲ. ಹಾಗಾಗಿ ಕೊಳೆಯ ಬದಲು ಖರ್ಚಾದ ಆಮ್ಲಜನಕವನ್ನೇ ಅಳೆದರು. ಬಾಟಲಿಯಲ್ಲಿ ನೀರು ತುಂಬಿ, ಗಾಳಿ ಹೋಗದಂತೆ ಮುಚ್ಚಿ, 65 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಐದು ದಿನ ಇಡುವುದು. ಬಿಕಾಂ ಓದಿದ ನನಗೆ ಇದು ಸುಲಭ: ಓಪನಿಂಗ್ ಬ್ಯಾಲೆನ್ಸ್‌ನಿಂದ ಕ್ಲೋಸಿಂಗ್ ಬ್ಯಾಲೆನ್ಸ್ ಕಳೆದರೆ ಸಿಗುವುದೇ ಬಿಒಡಿ. ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿ ಸೆಲ್ಸಿಯಸ್, ಮೂರು ದಿನ. ಸೆಕೆಗೆ ಬ್ಯಾಕ್ಟೀರಿಯಾ ಬೇಗ ಉಣ್ಣುತ್ತವೆ. ಅಷ್ಟೂ ಕಾಯಲಾಗದವರಿಗೆ ಸಿಒಡಿ ಉಂಟು. ಡೈಕ್ರೋಮೇಟ್ ಮತ್ತು ಆಮ್ಲ ಹಾಕಿ ಎರಡು ಗಂಟೆ ಕುದಿಸುವುದು.

1912ರ ಎಂಟನೇ ವರದಿ ಹೊಳೆಗೆ ಬಿಡುವ ನೀರಿನ ಬಿಒಡಿಗೆ ಲೀಟರಿಗೆ 20 ಮಿಲಿಗ್ರಾಂ ಮಿತಿ ಹಾಕಿತು. ಯಾಕೆ 20? ಬಿಒಡಿ 2 ಇರುವ ಎಂಟು ಪಾಲು ಹೊಳೆ ನೀರಿಗೆ 20 ಇರುವ ಒಂದು ಪಾಲು ಸೇರಿಸಿ. ಎಂಟೆರಡ್ಲ ಹದಿನಾರು, ಇಪ್ಪತ್ತು ಕೂಡಿದರೆ 36. ಒಂಬತ್ತು ಪಾಲಿಗೆ ಹಂಚಿದರೆ 4. ಅದಕ್ಕಿಂತ ಮೇಲೆ ಹೋದರೆ ಹೊಳೆ ಕೆಡುತ್ತದೆ ಅಂತ ಅವರ ತೀರ್ಮಾನ.

ಅಂದರೆ ಎಂಟು ಪಾಲು ಒಳ್ಳೆ ನೀರು ಇದ್ದರೆ ಮಾತ್ರ ಅಪ್ಪನ ಮಾತು ಸರಿ. ಆಟಿಯಲ್ಲಿ ನಮ್ಮ ತೋಡಿನಲ್ಲಿ ಎಂಬತ್ತು ಪಾಲೂ ಇರಬಹುದು. ಏಪ್ರಿಲ್‌ನಲ್ಲಿ? ಕಲ್ಲಿನ ಸಂದಿಯಲ್ಲಿ ನಿಂತದ್ದೇ ನೀರು. ನೆರಿಯ ಹೊಳೆ ಸೇರುವುದು ನೇತ್ರಾವತಿಯನ್ನು. ಸ್ನಾನಕ್ಕೆ ಯೋಗ್ಯ ಅನ್ನಲು ಬಿಒಡಿ 3 ಅಥವಾ ಕಡಿಮೆ ಇರಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಕಲುಷಿತ ನದಿಗಳ ಪಟ್ಟಿಯಲ್ಲಿ ನೇತ್ರಾವತಿಯ ಹೆಸರೂ ಇತ್ತು. ಅದಕ್ಕೆ ನಮ್ಮ ತೋಡೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಸಾಲದ ಪುಸ್ತಕದಲ್ಲಿ ಸಣ್ಣ ಸಾಲವನ್ನೂ ಬರೀಬೇಕಲ್ವಾ?

ಈ ಲೆಕ್ಕ ಅಪ್ಪನಿಗೆ ಕಾಗದದಲ್ಲಿ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಗುಂಡಿ ತೆಗಿಬೇಕು" ಅಂದ್ರು. ತೋಡಿನಿಂದ ದೂರಕ್ಕೆ ತೆಗೆದಿದ್ದೇವೆ.

ಮುಂದಿನ ವಾರ ಸಿಗುವ.