ದಿಯೆಂಗ್ ಕುಲೋನ್: ಜಾವಾದ ಎತ್ತರದಲ್ಲೊಂದು ಆಲೂಗಡ್ಡೆಯ ಊರು

ಇಂಡೋನೇಷ್ಯಾದ ಜಾವಾ ದ್ವೀಪವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಬೊರೊಬುದುರ್ ಸ್ತೂಪ, ಪ್ರಂಬನಾನ್ ದೇವಾಲಯ, ಬಾತಿಕ್ ಬಟ್ಟೆ ಮತ್ತು ಜಕಾರ್ತಾ ನಗರ ನೆನಪಾಗುತ್ತವೆ. ವಿಸ್ತೀರ್ಣದಲ್ಲಿ ಈ ದ್ವೀಪ ಕರ್ನಾಟಕದ ಸುಮಾರು ಮೂರನೇ ಎರಡರಷ್ಟು ಮಾತ್ರ. ಆದರೆ 2020ರ ಜನಗಣತಿಯಂತೆ ಇಲ್ಲಿ ನೆಲೆಸಿರುವವರು 15 ಕೋಟಿಗೂ ಮಿಕ್ಕಿದ್ದಾರೆ. ಇಷ್ಟು ಜನಕ್ಕೆ ಅನ್ನ, ತರಕಾರಿ ಒದಗಿಸುವ ಹೊಣೆ ಸಣ್ಣ ಹಿಡುವಳಿಯ ರೈತರದು. ಅಂಥ ರೈತರ ಒಂದು ಗ್ರಾಮವಾದ ದಿಯೆಂಗ್ ಕುಲೋನ್ ಮತ್ತು ಅದರ ಪರಿಸರವನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ನೆಲೆ ಮತ್ತು ಹೆಸರು

ದಿಯೆಂಗ್ ಕುಲೋನ್ ಮಧ್ಯ ಜಾವಾ ಪ್ರಾಂತ್ಯದ ಬಂಜಾರ್‌ನೆಗಾರಾ ಜಿಲ್ಲೆಯ ಬಾತುರ್ ತಾಲೂಕಿಗೆ ಸೇರಿದೆ. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ದಿಯೆಂಗ್ ಪ್ರಸ್ಥಭೂಮಿಯ ಮೇಲೆ ಈ ಊರಿದೆ. ಜಾವಾ ಭಾಷೆಯಲ್ಲಿ ‘ಕುಲೋನ್’ ಎಂದರೆ ಪಶ್ಚಿಮ, ‘ವೇತಾನ್’ ಎಂದರೆ ಪೂರ್ವ. ಪಕ್ಕದಲ್ಲೇ ಇರುವ ದಿಯೆಂಗ್ ವೇತಾನ್ ಗ್ರಾಮ ವೊನೊಸೊಬೊ ಎಂಬ ಬೇರೊಂದು ಜಿಲ್ಲೆಯದು. ಹೊಲಗಳು, ಮೋಡ, ಚಳಿ ಎಲ್ಲವೂ ಇಬ್ಬರಿಗೂ ಒಂದೇ ಆದರೂ ಕಚೇರಿ ಕಾಗದಗಳಲ್ಲಿ ಎರಡು ಜಿಲ್ಲೆ.

‘ದಿಯೆಂಗ್’ ಎಂಬ ಹೆಸರು ಹಳೆಯ ಜಾವಾ ಭಾಷೆಯ ‘ದಿ ಹ್ಯಾಂಗ್’ ಎಂಬುದರಿಂದ ಬಂದಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ದೇವತೆಗಳ ನೆಲೆ ಎಂಬುದು ಅದರ ಅರ್ಥ. ಇದು ಒಂದು ಜ್ವಾಲಾಮುಖಿ ಸಮುಚ್ಚಯದ ಮಧ್ಯಭಾಗ. ಆದ್ದರಿಂದ ಸುತ್ತ ಬೆಟ್ಟಗಳು, ಕುದಿಯುವ ಕುಂಡಗಳು, ಗಂಧಕದ ವಾಸನೆ, ಬಣ್ಣದ ಕೆರೆಗಳು ಎಲ್ಲವೂ ಒಂದೇ ದಿನದ ನಡಿಗೆಯಲ್ಲಿ ಕಾಣಸಿಗುತ್ತವೆ.

ಪಾಂಡವರ ಹೆಸರಿನ ಗುಡಿಗಳು

ಊರಿನ ಹೊಲಗಳ ನಡುವೆಯೇ ಜಾವಾದ ಅತಿ ಪ್ರಾಚೀನ ಹಿಂದೂ ದೇವಾಲಯಗಳಿವೆ. ಅರ್ಜುನ, ಶ್ರೀಕಂದಿ, ಪುಂತದೇವ, ಸೆಂಬದ್ರ, ಸೆಮಾರ್ ಗುಡಿಗಳು ಒಂದೇ ಗುಂಪಿನಲ್ಲಿವೆ. ಘಟೋತ್ಕಚ, ದ್ವಾರವತಿ ಮತ್ತು ಭೀಮ ಗುಡಿಗಳು ತುಸು ದೂರದಲ್ಲಿವೆ. ಪುಂತದೇವನೆಂದರೆ ಧರ್ಮರಾಯ, ಸೆಂಬದ್ರ ಎಂದರೆ ಸುಭದ್ರೆ, ಶ್ರೀಕಂದಿ ಎಂದರೆ ನಮ್ಮ ಶಿಖಂಡಿ. ಆದರೆ ಜಾವಾದ ಕಥೆಗಳಲ್ಲಿ ಶ್ರೀಕಂದಿ ಬಿಲ್ಲುಗಾತಿ, ಅರ್ಜುನನ ಮಡದಿ. ಸೆಮಾರ್ ಮಾತ್ರ ವ್ಯಾಸಭಾರತದಲ್ಲಿ ಇಲ್ಲ. ಅವನು ಜಾವಾದವರದೇ ಸೃಷ್ಟಿ. ಪಾಂಡವರ ಸೇವಕನಾಗಿ, ಹಾಸ್ಯಗಾರನಾಗಿ ತೊಗಲುಗೊಂಬೆಯಾಟದಲ್ಲಿ ಕಾಣಿಸಿಕೊಳ್ಳುವ ಈತ ಒಳಗೊಳಗೆ ದೇವತಾಂಶನೆಂದು ಅಲ್ಲಿಯ ನಂಬಿಕೆ. ಪಂಪ, ಕುಮಾರವ್ಯಾಸರ ಭಾರತವನ್ನು ಕೇಳಿ ಬೆಳೆದ ನಮಗೆ ಈ ಹೆಸರುಗಳು ಪರಕೀಯವೆನಿಸುವುದಿಲ್ಲ.

ಆದರೂ ಈ ಹೆಸರುಗಳು ಗುಡಿ ಕಟ್ಟಿದವರು ಇಟ್ಟವಲ್ಲ, ಬಹುಕಾಲದ ನಂತರ ಗೊಂಬೆಯಾಟದ ಪಾತ್ರಗಳಿಂದ ಜನರು ಕರೆದವು. ಗುಡಿಗಳು ಶೈವ ಸಂಪ್ರದಾಯದವು. ಶ್ರೀಕಂದಿ ಗುಡಿಯ ಮೂರು ಗೋಡೆಗಳಲ್ಲಿ ವಿಷ್ಣು, ಶಿವ, ಬ್ರಹ್ಮರ ಉಬ್ಬುಶಿಲ್ಪಗಳಿವೆ. ಅರ್ಜುನ ಗುಡಿಯ ಸಮೀಪ ದೊರೆತ ಒಂದು ಶಾಸನದ ಕಾಲ ಶಕವರ್ಷ 731, ಅಂದರೆ ಕ್ರಿ.ಶ. 809. ಹಲವು ಗುಡಿಗಳು ಅದಕ್ಕಿಂತ ಹಿಂದಿನವೆಂದು ಪರಿಗಣಿಸಲಾಗಿದೆ. ಎಂಟನೆಯ ಶತಮಾನದಲ್ಲಿ ಚಾಲುಕ್ಯರು ಪಟ್ಟದಕಲ್ಲಿನಲ್ಲಿ ದೇವಾಲಯಗಳನ್ನು ಎತ್ತಿ ನಿಲ್ಲಿಸುತ್ತಿದ್ದ ಕಾಲದಲ್ಲೇ ಇಲ್ಲಿಯೂ ಶಿವಾಲಯಗಳ ನಿರ್ಮಾಣ ನಡೆದಿತ್ತೆಂಬುದು ಗಮನಾರ್ಹ. ಭೀಮ ಗುಡಿಯ ಶಿಖರವಂತೂ ಭಾರತದ ಶಿಖರಗಳನ್ನೇ ನೆನಪಿಗೆ ತರುತ್ತದೆ. 1814ರಲ್ಲಿ ಯುರೋಪಿನವರ ಕಣ್ಣಿಗೆ ಬಿದ್ದಾಗ ಈ ಗುಡಿಗಳು ನೀರಿನಲ್ಲಿ ನಿಂತಿದ್ದವು. ಆ ಶತಮಾನದ ನಡುವಿನಲ್ಲಿ ನೀರನ್ನು ಬಸಿದು ಹೊರಹರಿಸಿ ಅವುಗಳನ್ನು ಉಳಿಸಲಾಯಿತು.

ಊರು, ಜನ, ಆಡಳಿತ

ಇಂದಿನ ನಿವಾಸಿಗಳು ಬಹುತೇಕ ಮುಸಲ್ಮಾನರು. ಗುಡಿಗಳನ್ನು ಅವರು ಪೂರ್ವಜರ ಆಸ್ತಿಯೆಂದು ಗೌರವದಿಂದ ಕಾಣುತ್ತಾರೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಏಕೆಂದರೆ ಚಳಿ ತೀವ್ರ ಮತ್ತು ಉಳುವ ಭೂಮಿ ಅಮೂಲ್ಯ. ಅತಿಥಿಗಳನ್ನು ಅಡುಗೆಮನೆಯ ಒಲೆಯ ಬಳಿಗೆ ಕರೆದು ಕುಳ್ಳಿರಿಸುವುದು ಇಲ್ಲಿಯ ರೂಢಿ. ಗಂಡಸರು ಲುಂಗಿಯನ್ನು ಉಡುವುದಷ್ಟೇ ಅಲ್ಲ, ಹೆಗಲಿಗೆ ಕುತ್ತಿಗೆಗೆ ಸುತ್ತಿಕೊಂಡು ಬೆಳಗಿನ ಹೊಲಕ್ಕೆ ಹೊರಡುತ್ತಾರೆ.

ಇಂಡೋನೇಷ್ಯಾದಲ್ಲಿ ಗ್ರಾಮಕ್ಕೆ ‘ದೇಸ’ ಎಂದು ಹೆಸರು. ನಮ್ಮ ‘ದೇಶ’ ಶಬ್ದವೇ ಅಲ್ಲಿ ಹಳ್ಳಿಯಾಗಿ ನಿಂತಿದೆ. ಗ್ರಾಮದ ಮುಖ್ಯಸ್ಥನನ್ನು ಜನರೇ ಚುನಾಯಿಸುತ್ತಾರೆ. 2014ರ ಗ್ರಾಮ ಕಾಯಿದೆಯಂತೆ 2015ರಿಂದ ಕೇಂದ್ರ ಸರ್ಕಾರದ ಹಣ ನೇರವಾಗಿ ಗ್ರಾಮಗಳಿಗೆ ಬರುತ್ತಿದೆ. 2024ರ ತಿದ್ದುಪಡಿ ಮುಖ್ಯಸ್ಥನ ಅವಧಿಯನ್ನು ಆರರಿಂದ ಎಂಟು ವರ್ಷಕ್ಕೆ ಏರಿಸಿತು. ರಸ್ತೆ ದುರಸ್ತಿ, ಮನೆ ಕಟ್ಟುವುದು ಮೊದಲಾದ ಕೆಲಸಗಳಲ್ಲಿ ಎಲ್ಲರೂ ಕೈಗೂಡಿಸುವ ‘ಗೊತೊಂಗ್ ರೊಯೊಂಗ್’ ಪದ್ಧತಿಯಿದೆ. ಇದನ್ನು ನಮ್ಮ ಕಡೆಯ ಮುಯ್ಯಾಳಿಗೆ ಹೋಲಿಸಬಹುದು. ಹುಟ್ಟು, ಮದುವೆ, ಸಾವುಗಳಲ್ಲಿ ನೆರೆಹೊರೆಯವರನ್ನು ಕರೆದು ಪ್ರಾರ್ಥಿಸಿ ಅನ್ನ ಹಂಚುವ ‘ಸ್ಲಾಮೆತಾನ್’ ಎಂಬ ಆಚರಣೆ ಜಾವಾದ ಹಳ್ಳಿಬಾಳಿನ ತಿರುಳು.

ಬೆಳೆ ಮತ್ತು ಬೇಸಾಯ

ಜಾವಾ ಎಂದೊಡನೆ ಭತ್ತದ ಗದ್ದೆಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಈ ಎತ್ತರದಲ್ಲಿ ಭತ್ತ ಬೆಳೆಯುವುದಿಲ್ಲ. ಹಿಂದೆ ಮೆಕ್ಕೆಜೋಳ, ತಂಬಾಕು, ಎಲೆಕೋಸು ಮುಖ್ಯವಾಗಿದ್ದವು. 1980ರ ದಶಕದಿಂದ ಆಲೂಗಡ್ಡೆ ಉಳಿದೆಲ್ಲವನ್ನೂ ಹಿಂದಿಕ್ಕಿತು. ಜರ್ಮನಿ ಮೂಲದ ‘ಗ್ರಾನೋಲಾ’ ತಳಿ ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ಮೂರು ಮೂರೂವರೆ ತಿಂಗಳಲ್ಲಿ ಬೆಳೆ ಕೈಗೆ ಬರುವುದರಿಂದ ವರ್ಷಕ್ಕೆ ಎರಡು ಮೂರು ಸಲ ಅದನ್ನೇ ಬೆಳೆಯುವವರಿದ್ದಾರೆ. ಆಲೂಗಡ್ಡೆಯ ಹಣದಿಂದ ಪಕ್ಕಾ ಮನೆ ಕಟ್ಟಿದವರು, ಮಕ್ಕಳನ್ನು ಕಾಲೇಜಿಗೆ ಕಳುಹಿಸಿದವರು, ಹಜ್ ಯಾತ್ರೆ ಮುಗಿಸಿ ಬಂದವರು ಈ ಪ್ರಸ್ಥಭೂಮಿಯಲ್ಲಿ ಅನೇಕರು.

ಆಲೂಗಡ್ಡೆಯ ಶತ್ರುಗಳು ಮೂರು. ಮಳೆಗಾಲದಲ್ಲಿ ಎಲೆ ಕೊಳೆಸುವ ಅಂಗಮಾರಿ ರೋಗ ಒಂದು; ಹಾಸನದ ರೈತರಿಗೆ ಇದರ ಕಾಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇರನ್ನು ಹೀರುವ ಒಂದು ಬಗೆಯ ಜಂತುಹುಳು ಎರಡನೆಯದು. 1961ರಲ್ಲಿ ನೀಲಗಿರಿಯಲ್ಲಿ ಕಂಡುಬಂದ ಇದೇ ಹುಳು 2003ರಲ್ಲಿ ಪೂರ್ವ ಜಾವಾದಲ್ಲಿ ಪತ್ತೆಯಾಗಿ, ಬಳಿಕ ದಿಯೆಂಗ್‌ನಲ್ಲೂ ಕಾಣಿಸಿಕೊಂಡಿತು. ಮೂರನೆಯದು ಇಬ್ಬನಿ. ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಹವೆಯಲ್ಲಿ ಕೆಲವು ರಾತ್ರಿ ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿದು ಹೊಲವೆಲ್ಲ ಬೆಳ್ಳಗಾಗುತ್ತದೆ. ಪ್ರವಾಸಿಗಳು ಇದನ್ನು ನೋಡಲು ನಸುಕಿನಲ್ಲಿ ಓಡೋಡಿ ಬರುತ್ತಾರೆ. ಸ್ಥಳೀಯರು ಇದಕ್ಕೆ ಕೊಟ್ಟಿರುವ ಹೆಸರು ‘ಎಂಬುನ್ ಉಪಾಸ್’, ಅಂದರೆ ವಿಷದ ಇಬ್ಬನಿ. ಬಿಸಿಲೇರುವಷ್ಟರಲ್ಲಿ ಎಳೆಯ ಗಿಡಗಳು ಸುಟ್ಟಂತೆ ಕಪ್ಪಾಗುವುದನ್ನು ಕಂಡವರು ಇಟ್ಟ ಹೆಸರು ಅದು.

ಉಳಿದಂತೆ ಎಲೆಕೋಸು, ಗಜ್ಜರಿ, ಈರುಳ್ಳಿಸೊಪ್ಪು ಬೆಳೆಯುತ್ತವೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಂದ ಬಂದ ‘ಕಾರಿಕಾ’ ಎಂಬ ಪುಟ್ಟ ಪರಂಗಿಹಣ್ಣು ಇಲ್ಲಿಯ ವಿಶೇಷ. ಅದನ್ನು ಸಕ್ಕರೆಪಾಕದಲ್ಲಿ ಹಾಕಿ ಮಾರುವುದು ಮನೆಮನೆಯ ಉದ್ಯಮವಾಗಿದೆ. ‘ಪುರ್ವಚೆಂಗ್’ ಎಂಬ ಔಷಧೀಯ ಸಸ್ಯವೂ ಪ್ರಸಿದ್ಧ.

ಸಾಲ ಮತ್ತು ಮಾರುಕಟ್ಟೆ

ಬ್ಯಾಂಕಿನ ವೃತ್ತಿಯಲ್ಲಿರುವ ನಮಗೆ ಈ ಪ್ರದೇಶದ ಇನ್ನೊಂದು ಸಂಗತಿ ಆಸಕ್ತಿಯದು. ದಿಯೆಂಗ್‌ನಲ್ಲಿ ಹುಟ್ಟುವ ಸೆರಾಯು ನದಿಯ ಕೆಳಭಾಗದಲ್ಲಿ ಪುರ್ವೊಕೆರ್ತೊ ಎಂಬ ಪಟ್ಟಣವಿದೆ. ಇಂಡೋನೇಷ್ಯಾದ ಬೃಹತ್ ಗ್ರಾಮೀಣ ಬ್ಯಾಂಕಾದ ಬ್ಯಾಂಕ್ ರಾಕ್ಯತ್ ಇಂಡೋನೇಷ್ಯಾದ ಮೂಲ ಅಲ್ಲಿಯದು. 1895ರ ಡಿಸೆಂಬರ್ 16ರಂದು ಆರಿಯಾ ವಿರ್ಯಾತ್ಮಜ ಎಂಬ ಅಧಿಕಾರಿ ಆ ಊರಿನಲ್ಲಿ ಆರಂಭಿಸಿದ ಸಣ್ಣ ಸಂಸ್ಥೆಯೇ ಮುಂದೆ ಆ ಬ್ಯಾಂಕಾಗಿ ಬೆಳೆಯಿತು. ಹಳ್ಳಿಗಳ ಶಾಖೆಗಳ ಮೂಲಕ ಸಣ್ಣ ಸಾಲ ಕೊಡುವ ಅದರ 1984ರ ಯೋಜನೆಯನ್ನು ಜಗತ್ತಿನ ಅನೇಕ ದೇಶಗಳ ತಜ್ಞರು ಅಧ್ಯಯನ ಮಾಡಿದ್ದಾರೆ.

ಆಲೂಗಡ್ಡೆಗೆ ಸಾಲ ಅನಿವಾರ್ಯ, ಏಕೆಂದರೆ ಬಿತ್ತನೆಗಡ್ಡೆ, ಗೊಬ್ಬರ, ಔಷಧಿ ಎಲ್ಲವೂ ದುಬಾರಿ. ಸಾಲದ ಕಂತು ನಿಶ್ಚಿತ, ಬೆಲೆ ಅನಿಶ್ಚಿತ. 2011ರಲ್ಲಿ ವಿದೇಶಿ ಆಲೂಗಡ್ಡೆ ಮಾರುಕಟ್ಟೆಗೆ ಬಂದು ಬೆಲೆ ಕುಸಿದಾಗ ದಿಯೆಂಗ್ ರೈತರು ಜಕಾರ್ತಾಕ್ಕೆ ಹೋಗಿ ಪ್ರತಿಭಟಿಸಿದ್ದರು.

ಕರಗುತ್ತಿರುವ ಮಣ್ಣು

ಈ ಗ್ರಾಮದ ನಿಜವಾದ ಚಿಂತೆ ಮಣ್ಣಿನದು. ಆಲೂಗಡ್ಡೆಯ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಹೀಗಾಗಿ ರೈತರು ಏರುಮಡಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಮಾಡದೆ ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯುತ್ತಾರೆ. ನೀರು ಬೇಗ ಇಳಿದುಹೋಗುತ್ತದೆ, ಜೊತೆಗೆ ಮೇಲ್ಮಣ್ಣೂ ಇಳಿಯುತ್ತದೆ. 1998ರಲ್ಲಿ ಸುಹಾರ್ತೊ ಆಡಳಿತ ಕೊನೆಗೊಂಡ ನಂತರದ ಅರಾಜಕ ದಿನಗಳಲ್ಲಿ ಸರ್ಕಾರಿ ಅರಣ್ಯದ ಮರಗಳು ಉರುಳಿ, ಬೆಟ್ಟದ ನೆತ್ತಿಯವರೆಗೂ ಆಲೂಗಡ್ಡೆ ಏರಿತು. ತೊಳೆದುಹೋದ ಸತ್ವವನ್ನು ತುಂಬಲು ಲಾರಿಗಟ್ಟಲೆ ಕೋಳಿಗೊಬ್ಬರ ತರಿಸಬೇಕಾಯಿತು. ಖರ್ಚು ಏರಿತು, ಇಳುವರಿ ಏರಲಿಲ್ಲ.

ಕೊಚ್ಚಿದ ಮಣ್ಣು ಸೆರಾಯು ನದಿಯನ್ನು ಸೇರಿ ಮ್ರಿಚಾ ಜಲಾಶಯದಲ್ಲಿ ಹೂಳಾಗಿ ಕೂರುತ್ತದೆ. 1980ರ ದಶಕದ ಕೊನೆಯಲ್ಲಿ ಜಲವಿದ್ಯುತ್ತಿಗಾಗಿ ಪೂರ್ಣಗೊಂಡ ಈ ಜಲಾಶಯದ ಆಯುಷ್ಯ ಹೂಳಿನಿಂದ ಕುಗ್ಗುತ್ತಿದೆ. ಬೆಟ್ಟದ ಮೇಲಿನ ರೈತನ ನಷ್ಟ ಬಯಲಿನ ವಿದ್ಯುತ್ ಗ್ರಾಹಕನ ನಷ್ಟವೂ ಆಗಿದೆ.

ಅಡ್ಡಮಡಿ ಮಾಡಿ, ಮರ ನೆಡಿ, ಕಾಫಿ ಬೆಳೆಯಿರಿ ಎಂದು ಅಧಿಕಾರಿಗಳು ಹೇಳುತ್ತಾರೆ. ಕೆಲವರು ಹೊಲದ ಅಂಚಿನಲ್ಲಿ ಕಾರಿಕಾ ನೆಟ್ಟಿದ್ದಾರೆ. ಆದರೆ ಕಾಫಿಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ. ತುಂಡು ಭೂಮಿಯ ರೈತನನ್ನು ಅವಿವೇಕಿಯೆಂದು ದೂರುವುದು ಸುಲಭ. ಅವನು ಬಡ್ಡಿಯನ್ನಲ್ಲ, ಅಸಲನ್ನೇ ತಿನ್ನುತ್ತಿದ್ದಾನೆಂಬುದು ಅವನಿಗೂ ತಿಳಿದಿದೆ. ಕಾಯುವ ಕಾಲಕ್ಕೆ ಅವನ ಮನೆಯ ಒಲೆ ಉರಿಸುವವರು ಯಾರೆಂಬ ಪ್ರಶ್ನೆಗೆ ಮಾತ್ರ ಉತ್ತರ ದೊರೆತಿಲ್ಲ.

ನೆಲದೊಳಗಿನ ಅಪಾಯ

ಫಲವತ್ತಾದ ಮಣ್ಣನ್ನು ಕೊಟ್ಟ ಜ್ವಾಲಾಮುಖಿ ಪ್ರಾಣವನ್ನೂ ಕೇಳಿದ್ದುಂಟು. 1979ರ ಫೆಬ್ರವರಿ 20ರಂದು ಇದೇ ತಾಲೂಕಿನ ಸಿನಿಲಾ ಕುಂಡ ಸ್ಫೋಟಿಸಿತು. ಕೆಪುಚುಕಾನ್ ಊರಿನ ಜನ ಬಾತುರ್ ಕಡೆಗೆ ಓಡಿದರು. ದಾರಿಯಲ್ಲಿ ನೆಲದ ಬಿರುಕುಗಳಿಂದ ಹೊಮ್ಮಿದ ಇಂಗಾಲದ ಡೈಆಕ್ಸೈಡ್ ಅನಿಲ ಅವರನ್ನು ಆವರಿಸಿತು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ, ಗಾಳಿಗಿಂತ ಭಾರವಾದ ಈ ಅನಿಲ ತಗ್ಗಿನಲ್ಲಿ ಮಡುಗಟ್ಟುತ್ತದೆ. ಅಂದು ಸತ್ತವರು ಸುಮಾರು 150 ಮಂದಿ. ಅದಕ್ಕೂ ಮೊದಲು, 1955ರ ಏಪ್ರಿಲ್‌ನಲ್ಲಿ, ಸಮೀಪದ ಲೆಗೆತಾಂಗ್ ಎಂಬ ಹಳ್ಳಿ ರಾತ್ರೋರಾತ್ರಿ ಗುಡ್ಡ ಕುಸಿದು ಹೂತುಹೋಗಿತ್ತು. ಆ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಮಡಿದರು. ಈಗ ಅಲ್ಲೊಂದು ಸ್ಮಾರಕಸ್ತಂಭ ಇದೆ, ಸುತ್ತಲೂ ಹೊಲಗಳಿವೆ.

2011ರಲ್ಲಿ ತಿಂಬಾಂಗ್ ಕುಂಡದಿಂದ ಅನಿಲ ಹೆಚ್ಚಿದಾಗ ಸುತ್ತಲಿನ ಜನರನ್ನು ಮುಂಚಿತವಾಗಿ ತೆರವುಗೊಳಿಸಲಾಯಿತು. ಈಗ ಅನಿಲದ ಪ್ರಮಾಣವನ್ನು ಯಂತ್ರಗಳಿಂದ ಅಳೆಯುತ್ತಿರುವುದೇ ಜನರಿಗಿರುವ ಧೈರ್ಯ. ಇದೇ ನೆಲದ ಶಾಖದಿಂದ ವಿದ್ಯುತ್ತೂ ತಯಾರಾಗುತ್ತಿದೆ. 60 ಮೆಗಾವಾಟ್ ಸಾಮರ್ಥ್ಯದ ಭೂಶಾಖ ಸ್ಥಾವರದ ದಪ್ಪ ಕೊಳವೆಗಳು ಆಲೂಗಡ್ಡೆ ಹೊಲಗಳ ನಡುವೆ ಹಾದುಹೋಗಿವೆ.

ಜಡೆಗೂದಲಿನ ಮಕ್ಕಳು

ದಿಯೆಂಗ್‌ನ ಕೆಲವು ಮಕ್ಕಳಿಗೆ ಎಳವೆಯಲ್ಲಿ ಜ್ವರ ಬಂದ ನಂತರ ಕೂದಲು ತಾನಾಗಿ ಜಡೆಗಟ್ಟುತ್ತದೆ. ಇದು ಮೂಲಪುರುಷ ಕ್ಯಾಯಿ ಕೊಲೊದೇತೆಯ ಕೊಡುಗೆಯೆಂಬ ನಂಬಿಕೆಯಿದೆ. ಮಗು ತಾನಾಗಿಯೇ ಕೇಳುವವರೆಗೆ ಆ ಕೂದಲನ್ನು ಕತ್ತರಿಸುವಂತಿಲ್ಲ. ಕೇಳಿದಾಗ ಮಗುವಿನ ಒಂದು ಬಯಕೆಯನ್ನು ಹೆತ್ತವರು ತಪ್ಪದೆ ಈಡೇರಿಸಬೇಕು. ಅದು ಮಿಠಾಯಿಯಾಗಬಹುದು, ಕುರಿಮರಿಯಾಗಬಹುದು, ಸೈಕಲ್ಲಾಗಬಹುದು. ಕತ್ತರಿಸಿದ ಕೂದಲನ್ನು ನೀರಿನಲ್ಲಿ ಬಿಡುತ್ತಾರೆ. 2010ರಲ್ಲಿ ಆರಂಭವಾದ ದಿಯೆಂಗ್ ಸಾಂಸ್ಕೃತಿಕ ಉತ್ಸವದಲ್ಲಿ ಅರ್ಜುನ ಗುಡಿಯ ಆವರಣದಲ್ಲೇ ಈ ವಿಧಿ ನಡೆಯುತ್ತದೆ. ಗ್ರಾಮದವರು ಮನೆಗಳಲ್ಲಿ ಪ್ರವಾಸಿಗಳಿಗೆ ಕೋಣೆ ಕೊಟ್ಟು ಆದಾಯ ಗಳಿಸುತ್ತಾರೆ. ಆಲೂಗಡ್ಡೆಯ ಹೊರತಾದ ಈ ಆದಾಯ ಹೆಚ್ಚಿದಷ್ಟೂ ಬೆಟ್ಟದ ಇಳಿಜಾರಿಗೆ ವಿಶ್ರಾಂತಿ ಸಿಕ್ಕೀತೆಂಬ ಆಶೆ ಇದೆ.

ಸುತ್ತಮುತ್ತ

ಗಂಧಕದಿಂದ ಬಣ್ಣ ಬದಲಿಸುವ ತೆಲಾಗಾ ವರ್ನಾ ಕೆರೆ (‘ವರ್ನಾ’ ನಮ್ಮ ವರ್ಣವೇ), ಕುದಿಯುವ ಸಿಕಿದಾಂಗ್ ಕುಂಡ, ಸೂರ್ಯೋದಯಕ್ಕೆ ಹೆಸರಾದ ಸಿಕುನಿರ್ ಬೆಟ್ಟ, ಅದರ ಬುಡದಲ್ಲಿ ಜಾವಾದ ಅತಿ ಎತ್ತರದ ಗ್ರಾಮವೆನಿಸಿದ ಸೆಂಬುಂಗಾನ್, ಕೈಲಾಸ ಹೆಸರಿನ ವಸ್ತುಸಂಗ್ರಹಾಲಯ ನೋಡತಕ್ಕವು. ಸೆರಾಯು ನದಿಯ ಮೂಲವೆನ್ನುವ ಚಿಲುಮೆಗೆ ‘ಬಿಮಾ ಲುಕಾರ್’ ಎಂದು ಭೀಮನ ಹೆಸರೇ ಇದೆ. ವೊನೊಸೊಬೊ ಪಟ್ಟಣದಿಂದ ಸುಮಾರು 26 ಕಿ.ಮೀ. ಏರುದಾರಿಯಲ್ಲಿ ಇಲ್ಲಿಗೆ ತಲುಪಬಹುದು. ಬೆಚ್ಚನೆಯ ಉಡುಪು ಅವಶ್ಯ.

ಯೋಗ್ಯಕರ್ತಾದವರೆಗೆ ಹೋಗುವ ಕನ್ನಡಿಗ ಪ್ರವಾಸಿಗಳು ಇನ್ನೊಂದು ದಿನ ಕೂಡಿಸಿಕೊಂಡು ಈ ಎತ್ತರಕ್ಕೂ ಬಂದರೆ ಚೆನ್ನು. ಗುಡಿಗಳ ಮುಂದೆ ಚಿತ್ರ ತೆಗೆದುಕೊಂಡ ಮೇಲೆ ಒಮ್ಮೆ ತಿರುಗಿ ಇಳಿಜಾರಿನ ಹೊಲಗಳನ್ನೂ ನೋಡಬೇಕೆಂಬುದು ನಮ್ಮ ಸಲಹೆ. ಗುಡಿಗಳು ಸಾವಿರದ ಇನ್ನೂರು ವರ್ಷ ಉಳಿದು ಬಂದಿವೆ. ಈಗ ಕಾಪಾಡಬೇಕಾಗಿರುವುದು ಅವುಗಳ ಸುತ್ತಲಿನ ಮಣ್ಣನ್ನು.