ಕೋಡು ಉಳಿಯಿತು, ಕಾರಣ ಹೋಯಿತು

ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಮೈಸೂರಿನ ಹುಡುಗ, ಎಐ ಕೈಲಿ ಬರೆಸಿದ ಮುನ್ನೂರು ಸಾಲಿನ ಕೋಡು ತಂದು ತೋರಿಸಿದ. ಚೆನ್ನಾಗೇ ಇತ್ತು, ಟೆಸ್ಟುಗಳೂ ಪಾಸಾಗಿದ್ದವು. ಒಂದು ಸಾಲಿನ ಮೇಲೆ ಬೆರಳಿಟ್ಟು "ಇದ್ಯಾಕಪ್ಪಾ ಹೀಗೆ?" ಅಂದೆ. "ಒಂದ್ನಿಮಿಷ ಸಾರ್, ಅದನ್ನೇ ಕೇಳಿ ಹೇಳ್ತೀನಿ" ಅಂದ! ನಗು ಬಂತು. ಮರುಕ್ಷಣ 1999 ನೆನಪಾಗಿ ನಗು ನಿಂತಿತು.

ಆ ವರ್ಷ ನಾನು ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದಿದ್ದೇ ವೈಟುಕೆ ಕೆಲಸಕ್ಕೆ. ವಿಮಾ ಕಂಪನಿಯೊಂದರ ಕೋಬಾಲ್ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡಬೇಕಿತ್ತು. ಒಂದು ಕಡೆ ಇಸವಿ 99 ಇದ್ದರೆ ಬೇರೆಯೇ ದಾರಿ ಹಿಡಿಯುವ ಸಾಲು. ಅದರ ಮೇಲೆ "ಮುಟ್ಟಬೇಡಿ" ಅಂತ ಟಿಪ್ಪಣಿ, ಅಷ್ಟೇ. ಬರೆದವರು ರಿಟೈರಾಗಿದ್ದರು. ನಂಬರು ಹುಡುಕಿ ಫೋನು ಮಾಡಿದರೆ ತಿಳಿದದ್ದು: ಅಲ್ಲಿ 99 ಅಂದರೆ 1999 ಅಲ್ಲ, ಈ ಪಾಲಿಸಿಗೆ ಕೊನೆಯ ತಾರೀಖೇ ಇಲ್ಲ ಅಂತ! ನಾನು ಕಣ್ಣು ಮುಚ್ಚಿಕೊಂಡು 1999 ಮಾಡಿದ್ದರೆ ಎಷ್ಟೋ ಜನರ ಆಜೀವ ಪಾಲಿಸಿಗಳು ಆ ಡಿಸೆಂಬರಿಗೇ ಮುಗಿದುಹೋಗುತ್ತಿದ್ದವು.

ಯಂತ್ರದ ಕೈಲೇ ಕೋಡು ಬರೆಸುವ ಆಸೆ ಹೊಸದೇನಲ್ಲ. 1952ರಲ್ಲಿ ಗ್ರೇಸ್ ಹಾಪರ್ ಎ-0 ಕಂಪೈಲರ್ ಮಾಡಿದ ಕಾಲದಲ್ಲಿ ಇಂಥ ಕೆಲಸಕ್ಕಿದ್ದ ಹೆಸರೇ 'ಆಟೋಮ್ಯಾಟಿಕ್ ಪ್ರೋಗ್ರಾಮಿಂಗ್'. 1954ರಲ್ಲಿ ಐಬಿಎಮ್‌ನ ಫೋರ್ಟ್ರಾನ್ ತಂಡ, ಇನ್ನು ಕೋಡಿಂಗು, ಡಿಬಗ್ಗಿಂಗು ಹೆಚ್ಚುಕಡಿಮೆ ಇಲ್ಲವಾಗುತ್ತವೆ ಅಂತ ನಂಬಿತ್ತು. 1957ರಲ್ಲಿ ಫೋರ್ಟ್ರಾನ್ ಬಂತು, ಡಿಬಗ್ಗಿಂಗು ಮಾತ್ರ ಹೋಗಲಿಲ್ಲ. 1959ರಲ್ಲಿ ಶುರುವಾದ ಕೋಬಾಲನ್ನು ಮ್ಯಾನೇಜರುಗಳೂ ಓದಬಲ್ಲಂತೆ ಇಂಗ್ಲಿಷಿನ ಹಾಗೆ ಕಟ್ಟಿದರು. ಓದಬಹುದು ನಿಜ, ಏನು ಮಾಡುತ್ತದೆ ಅಂತ ತಿಳಿಯುತ್ತದೆ. ಯಾಕೆ ಅಂತ?

1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಸೇರಿದ ತಜ್ಞರು ಈ ಪಾಡನ್ನು 'ಸಾಫ್ಟ್‌ವೇರ್ ಬಿಕ್ಕಟ್ಟು' ಅಂದರು. ಆ ಸಭೆಯ ವರದಿಯನ್ನು ಸಂಪಾದಿಸಿದ ಇಬ್ಬರಲ್ಲಿ ಡೆನ್ಮಾರ್ಕಿನ ಪೀಟರ್ ನೌರ್ ಒಬ್ಬರು. 1985ರಲ್ಲಿ ಅವರೊಂದು ಪ್ರಬಂಧ ಬರೆದರು. ಪ್ರೋಗ್ರಾಮು ಅನ್ನೋದು ಬರೀ ಸಾಲುಗಳಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿರುವ ತಿಳಿವಳಿಕೆ; ಆ ತಂಡ ಚದುರಿದರೆ, ಕೋಡು ಓಡುತ್ತಿದ್ದರೂ ಪ್ರೋಗ್ರಾಮು ಸತ್ತಂತೆ ಅನ್ನುವುದು ಅವರ ವಾದ. ಅವರು ಕೊಟ್ಟ ಉದಾಹರಣೆ ನೋಡಿ: ಒಂದು ತಂಡದ ಕಂಪೈಲರನ್ನು ಇನ್ನೊಂದು ತಂಡ ಮುಂದುವರಿಸಹೊರಟಿತು. ದಾಖಲೆಗಳೆಲ್ಲ ಕೈಯಲ್ಲಿದ್ದವು. ಆದರೂ ಅವರು ಸೂಚಿಸಿದ ಬದಲಾವಣೆಗಳು ಮೂಲ ವಿನ್ಯಾಸದ ಬಲವನ್ನೇ ಕೆಡಿಸುವಂತಿದ್ದವು. ಅದು ಹೊಳೆದದ್ದು ಮೊದಲು ಕಟ್ಟಿದವರಿಗೆ ಮಾತ್ರ.

2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ನಮ್ಮ ನ್ಯೂಜೆರ್ಸಿಯ ಆಗಿನ ಗವರ್ನರು ಕೋಬಾಲ್ ಬಲ್ಲವರು ಬನ್ನಿ ಅಂತ ಬಹಿರಂಗವಾಗಿ ಕೇಳಿಕೊಂಡರು. ಕೆಲಸ ಕಳಕೊಂಡವರ ಅರ್ಜಿಗಳು ಹಳೇ ಕಂಪ್ಯೂಟರುಗಳ ಮುಂದೆ ರಾಶಿ ಬಿದ್ದಿದ್ದವು. ಮಾರನೇ ವರ್ಷವೇ ಗಿಟ್‌ಹಬ್ ಕೋಪೈಲಟ್ ಬಂತು. 2025ರಲ್ಲಿ ಆಂಡ್ರೇ ಕಾರ್ಪಥಿ, ಕೋಡನ್ನು ಓದದೆಯೇ ಮಾಡುವ ಕೆಲಸಕ್ಕೆ 'ವೈಬ್ ಕೋಡಿಂಗ್' ಅಂತ ಹೆಸರಿಟ್ಟರು.

ಎಐ ಬೇಡ ಅಂತಲ್ಲ. ಹಳೇ ಕೋಬಾಲನ್ನು ಅರ್ಥ ಮಾಡಿಕೊಳ್ಳೋಕೆ ನಾನೂ ಬಳಸ್ತೀನಿ. ಆದರೆ ಅಂದು ಕಾರಣ ಬಲ್ಲವರು ಒಬ್ಬರಾದರೂ ಇದ್ದರು, ಫೋನು ಎತ್ತಿದರು. ಇಂದು ಎಐಯನ್ನು ಕೇಳಿದರೆ ಅದೇ ಸಾಲುಗಳನ್ನು ನೋಡಿ ಒಂದು ಕಾರಣ ಹೇಳುತ್ತದೆ. ಅದು ಊಹೆ, ನೆನಪಲ್ಲ. ಹಿಂದೆ ಮರೆತುಹೋಗಲು ಇಪ್ಪತ್ತು ವರ್ಷ ಬೇಕಿತ್ತು. ಈಗ ಹುಟ್ಟುವಾಗಲೇ ಯಾರಿಗೂ ಗೊತ್ತಿರೋದಿಲ್ಲ!

ಹುಡುಗನಿಗೆ ಇಷ್ಟೇ ಹೇಳಿದೆ: "ಕೋಡು ಯಾರು ಬೇಕಾದ್ರೂ ಬರೀಲಿ ಮಾರಾಯ, 'ಯಾಕೆ' ಅನ್ನೋದನ್ನ ನೀನು ಬರಿ. ನಿನ್ನ ಕೈಯಾರೆ." ಸಂಜೆ ನಾಲ್ಕು ಸಾಲು ಬರೆದು ಕಳಿಸಿದ. ಬರೆಯುವಾಗ ಒಂದು ತಪ್ಪೂ ಸಿಕ್ಕಿತಂತೆ.

ಅಂದ ಹಾಗೆ, ಆ 99ರ ಪಕ್ಕದಲ್ಲಿ ನಾನು ಕಾರಣ ಬರೆದಿಟ್ಟೆನಾ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.