ದೊಡ್ಡಬಳ್ಳಾಪುರದ ನಗಾರಿ, ಗಂಜಾಮಿನ ಗುಂಬಜ್: ಹೈದರ್–ಟಿಪ್ಪು ಸಂಬಂಧದ ಮರಣೋತ್ತರ ಆಧಾರಗಳ ಬಗ್ಗೆ ಒಂದು ಟಿಪ್ಪಣಿ

1. ವಿಷಯ, ವ್ಯಾಪ್ತಿ

ಬದುಕಿರುವಾಗ ನೋಯಿಸಿದ ತಂದೆಯೊಡನೆ, ಅವನು ತೀರಿಕೊಂಡ ಮೇಲೆ ಮಗ ಹೇಗೆ ರಾಜಿಯಾಗುತ್ತಾನೆ ಎಂಬುದು ಸಾಮಾನ್ಯವಾಗಿ ಮನೆಯೊಳಗೇ ಉಳಿದುಬಿಡುವ ಸಂಗತಿ. ದಾಖಲೆಗೆ ಸಿಗುವುದು ವಿರಳ. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ನಂಟಿರುವ ಒಂದು ಪ್ರಕರಣದಲ್ಲಿ ಮಾತ್ರ ಸಾಕಷ್ಟು ಸಾಮಗ್ರಿ ಉಳಿದಿದೆ. ಅದು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರದು. ತಂದೆಯ ಬಾಲ್ಯದ ಪೆಟ್ಟು ಬಿದ್ದದ್ದು ದೊಡ್ಡಬಳ್ಳಾಪುರದಲ್ಲಿ ಎನ್ನಲಾಗಿದೆ. ಮಗ ಹುಟ್ಟಿದ್ದು ದೇವನಹಳ್ಳಿಯಲ್ಲಿ.

ಇಲ್ಲಿ ಇಬ್ಬರ ರಾಜಕೀಯದ ಮೌಲ್ಯಮಾಪನವಿಲ್ಲ. ಹೈದರ್ ತೀರಿಕೊಂಡ 1782ರ ಡಿಸೆಂಬರ್ ನಂತರ ಟಿಪ್ಪು ತಂದೆಯ ವಿಷಯದಲ್ಲಿ ಏನೇನು ಮಾಡಿದ, ಆ ಕೃತ್ಯಗಳಲ್ಲಿ ಯಾವುದನ್ನು ಶೋಕದ ಅಥವಾ ರಾಜಿಯ ಆಧಾರವೆಂದು ಎಣಿಸಬಹುದು, ಯಾವುದನ್ನು ಎಣಿಸಬಾರದು ಎಂಬಷ್ಟಕ್ಕೆ ಟಿಪ್ಪಣಿ ಸೀಮಿತ.

2. ಆಕರಗಳ ಸ್ಥಿತಿ

ತಂದೆ-ಮಗನ ಜಗಳದ ಕಥೆಗಳಲ್ಲಿ ಹೆಚ್ಚಿನವು ಮಾರ್ಕ್ ವಿಲ್ಕ್ಸ್‌ನ ಇತಿಹಾಸದ ಮೂಲಕ ನಮಗೆ ಬಂದಿವೆ. ಅದರ ಮೊದಲ ಸಂಪುಟ 1810ರದು, ಉಳಿದೆರಡು 1817ರವು. ವಿಲ್ಕ್ಸ್ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದವನು, ಗೆದ್ದವರ ಕಡೆಯವನು. ತಂದೆಯನ್ನು ಮೇಲೆತ್ತಿ ಮಗನನ್ನು ಕೆಳಗಿಳಿಸುವ ಹೋಲಿಕೆ ಅವನ ಬರಹದುದ್ದಕ್ಕೂ ಇದೆ. ಆದರೆ ಹೈದರನ ಕೊನೆಯ ದಿನಗಳಲ್ಲಿ ದಂಡಿನಲ್ಲೇ ಇದ್ದ ಪೂರ್ಣಯ್ಯ ಆಗ ದಿವಾನರಾಗಿದ್ದರು ಎಂಬುದನ್ನೂ ಮರೆಯಬಾರದು. ಪ್ರತ್ಯಕ್ಷದರ್ಶಿಗಳ ಮಾತು ವಿಲ್ಕ್ಸ್‌ಗೆ ನಿಲುಕುವಂತಿತ್ತು. 1799ರ ನಂತರ ಹಾಗೆ ಮಾತಾಡಿದವರಿಗೆ ತಮ್ಮದೇ ಕಾರಣಗಳಿದ್ದಿರಬಹುದು ಎಂಬುದು ಬೇರೆ ಪ್ರಶ್ನೆ.

ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಫಾರ್ಸಿ ಗ್ರಂಥ 'ನಿಶಾನ್-ಇ-ಹೈದರಿ' ಇಬ್ಬರ ಕಾಲವನ್ನೂ ಕಂಡವನ ಬರಹ. ಆದರೆ ಅದು ಪೂರ್ಣಗೊಂಡದ್ದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಕಾಲದಲ್ಲಿ ತೀರ ಹತ್ತಿರದ್ದು 1784ರ ಕನ್ನಡ ಹಸ್ತಪ್ರತಿ 'ಹೈದರ್ ನಾಮೆ'. ಅದನ್ನು ಕನ್ನಡದ ಓದುಗರೇ ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ ಎನ್ನುವುದು ಪ್ರಸ್ತುತ ಲೇಖಕನ ಅಭಿಪ್ರಾಯ.

3. ನಗಾರಿಯ ಪ್ರಸಂಗ

ಹೈದರನ ತಂದೆ ಫತೇ ಮುಹಮ್ಮದ್ ಶಿರಾ ಸುಬೇದಾರರ ಸೇವೆಯಲ್ಲಿದ್ದು ಕಾಳಗದಲ್ಲಿ ಸತ್ತ. ಆಗ ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್. ಅವನು ಬಾಕಿಯ ನೆಪ ಹೇಳಿ ಕುಟುಂಬದ ಆಸ್ತಿಯನ್ನು ಕಿತ್ತುಕೊಂಡ. ಇನ್ನಷ್ಟು ಹಣ ಹೊರಡಿಸಲು ಶಹಬಾಜ್ ಮತ್ತು ಹೈದರ್ ಎಂಬ ಇಬ್ಬರು ಹುಡುಗರಿಗೆ ಚಿತ್ರಹಿಂಸೆ ಕೊಟ್ಟ. ಇಷ್ಟರಲ್ಲಿ ಆಕರಗಳು ಹೆಚ್ಚುಕಡಿಮೆ ಒಪ್ಪುತ್ತವೆ. ಹುಡುಗರನ್ನು ನಗಾರಿಯೊಳಗೆ ಕೂರಿಸಿ ಮೇಲೆ ಬಾರಿಸಿದರೆಂಬ ವಿವರ ಫಾರ್ಸಿ ಪರಂಪರೆಯದು. ವಿವರದ ವಿಚಿತ್ರತೆಯೇ ಅದರ ಸತ್ಯಕ್ಕೆ ಸಾಕ್ಷಿಯಾಗಲಾರದು. ಅಷ್ಟರಿಂದಲೇ ಅದನ್ನು ತಳ್ಳಿಹಾಕಲೂ ಆಗದು.

ಸ್ಥಳದ ಬಗ್ಗೆ ಒಂದು ಮಾತು. ಹಳೆಯ ಬರಹಗಳಲ್ಲಿ ಬರಿಯ 'ಬಳ್ಳಾಪುರ' ಎಂದಿದ್ದರೆ ದೊಡ್ಡದೋ ಚಿಕ್ಕದೋ ಎಂದು ಸಂದರ್ಭದಿಂದ ತಿಳಿಯಬೇಕು. ಚಿಕ್ಕಬಳ್ಳಾಪುರ ಆ ಕಾಲಕ್ಕೆ ಪಾಳೆಯಗಾರರ ಕೈಯಲ್ಲಿತ್ತು. ಆದ್ದರಿಂದ ಜಹಗೀರಿನ ಬಳ್ಳಾಪುರ ದೊಡ್ಡಬಳ್ಳಾಪುರವೇ.

ವಯಸ್ಸಿನ ತೊಡಕು ಇದಕ್ಕಿಂತ ಗಂಭೀರ. ಹೈದರನ ಜನ್ಮವರ್ಷವನ್ನು 1717ರಿಂದ 1722ರವರೆಗೆ ಬೇರೆಬೇರೆಯಾಗಿ ಕೊಡಲಾಗಿದೆ. ಫತೇ ಮುಹಮ್ಮದನ ಸಾವನ್ನು 1725ರಿಂದ 1728ರವರೆಗೆ. ಎರಡೂ ತುದಿಗಳನ್ನು ಹಿಡಿದು ಕೂಡಿ ಕಳೆದರೆ ಹುಡುಗನ ವಯಸ್ಸು ಕನಿಷ್ಠ 3, ಗರಿಷ್ಠ 11. ಸಾಮಾನ್ಯವಾಗಿ ಹೇಳುವುದು 7 ಎಂದು. ಹೈದರ್ ಆ ಅವಮಾನವನ್ನು ಜೀವಮಾನವಿಡೀ ನೆನಪಿಟ್ಟುಕೊಂಡಿದ್ದ ಎಂಬುದೇ ಕಥೆಯ ಸಾರ. 11ರ ಹುಡುಗನಿಗೆ ಅದು ಸಹಜ. 3ರ ಕೂಸಿಗೆ ಆ ನೆನಪು ತಾಯಿಯ ಬಾಯಿಂದ ಬಂದಿರಬೇಕು. ಅಪ್ಪನ ಒರಟುತನಕ್ಕೆ ಅವನ ಬಾಲ್ಯವೇ ಕಾರಣ ಎಂದು ವಿವರಿಸಲು ಹೊರಡುವವರು ಮೊದಲು ಈ ಎಂಟು ವರ್ಷಗಳ ಅಂತರವನ್ನು ಎದುರಿಸಬೇಕಾಗುತ್ತದೆ.

1761ರಲ್ಲಿ ಹೈದರ್ ದೊಡ್ಡಬಳ್ಳಾಪುರವನ್ನು ವಶಪಡಿಸಿಕೊಂಡಾಗ ಅಬ್ಬಾಸ್ ಕುಲಿ ಖಾನ್ ಮನೆಮಂದಿಯನ್ನು ಬಿಟ್ಟು ಮದರಾಸಿಗೆ ಓಡಿಹೋದ. ವಿಲ್ಕ್ಸ್ ಹೇಳುವಂತೆ, ಸಿಕ್ಕಿಬಿದ್ದ ಅವನ ತಾಯಿ ಹಿಂದೆ ತೋರಿದ್ದ ಕರುಣೆಯನ್ನು ನೆನೆದು ಹೈದರ್ ಅವಳನ್ನು ಮರ್ಯಾದೆಯಿಂದ ನಡೆಸಿಕೊಂಡ. ಅದಕ್ಕೆ ಹಿಂದಿನ ವರ್ಷವಷ್ಟೇ, 1760ರ ಆಗಸ್ಟ್‌ನಲ್ಲಿ, ಹಿಂದೆ ತನ್ನ ಸಹಾಯಕನಾಗಿದ್ದ ಖಂಡೇರಾಯ ತಿರುಗಿಬಿದ್ದಾಗ ಹೈದರ್ ತಾನೇ ತನ್ನ ಮನೆಮಂದಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟು ರಾತ್ರೋರಾತ್ರಿ ಪಾರಾಗಿದ್ದ. ಹಾಗೆ ಸೆರೆಗೆ ಸಿಕ್ಕವರಲ್ಲಿ ಟಿಪ್ಪು ಒಬ್ಬ. 1750ರ ನವೆಂಬರ್ 20ರ ಜನ್ಮದಿನವನ್ನು ಒಪ್ಪಿದರೆ ಆಗ ಅವನಿಗೆ ಹತ್ತು ತುಂಬಿರಲಿಲ್ಲ. ಒಂದು ವರ್ಷದ ಅಂತರದಲ್ಲಿ ನಡೆದ ಈ ಎರಡು ಓಟಗಳನ್ನು ಜೊತೆಯಿಟ್ಟು ನೋಡುವುದು ಅಗತ್ಯ. ಒಂದು ಹೇಡಿತನವೆಂದೂ ಇನ್ನೊಂದು ಸಾಹಸವೆಂದೂ ಬರೆಯಲ್ಪಟ್ಟದ್ದು ಬರೆದವರ ಆಯ್ಕೆ.

4. ಚಿನಕುರಳಿ ಮತ್ತು ಮುಚ್ಚಳಿಕೆ

1771ರ ಮಾರ್ಚ್‌ನಲ್ಲಿ ತ್ರ್ಯಂಬಕರಾಯನ ಮರಾಠಾ ಸೈನ್ಯದೆದುರು ಮೇಲುಕೋಟೆಯಿಂದ ಹಿಂದೆಗೆಯುವಾಗ ಹೈದರ್ ಮಗನಿಗೆ ಕರೆ ಕಳುಹಿಸಿದ. ಟಿಪ್ಪು ಬರಲು ತಡವಾಯಿತು. ವಿಲ್ಕ್ಸ್‌ನ ಕಥನದಲ್ಲಿ, ಕುಡಿದಿದ್ದ ತಂದೆ ಎಲ್ಲರೆದುರು ಕೆಟ್ಟ ಮಾತಿನಲ್ಲಿ ಬೈದು ಕೋಲಿನಿಂದ ಹೊಡೆದ. ಇಪ್ಪತ್ತರ ಮಗ ಪೇಟ, ಕತ್ತಿ ನೆಲಕ್ಕೆಸೆದು ಆ ದಿನ ಆಯುಧ ಹಿಡಿಯುವುದಿಲ್ಲ ಎಂದು ಆಣೆಯಿಟ್ಟ. ಚಿನಕುರಳಿಯ ಸೋಲಿನ ನಂತರ ಟಿಪ್ಪು ಫಕೀರನ ವೇಷದಲ್ಲಿ ಪಾರಾದ. ಮಗ ಸತ್ತನೆಂದೇ ತಿಳಿದ ಹೈದರ್, ಅವನು ಬಂದು ಸೇರುವವರೆಗೆ ಶ್ರೀರಂಗಪಟ್ಟಣದೊಳಗೆ ಕಾಲಿಡದೆ ಹೊರಗಿನ ದರ್ಗಾದಲ್ಲಿ ಕುಳಿತಿದ್ದ ಎಂದೂ ಅದೇ ಪರಂಪರೆ ಹೇಳುತ್ತದೆ. ಹೊಡೆತವನ್ನು ಮಾತ್ರ ಎತ್ತಿಕೊಂಡು ದರ್ಗಾವನ್ನು ಬಿಡುವ ಲೇಖಕರೂ ಇದ್ದಾರೆ, ತಿರುಗುಮುರುಗು ಮಾಡುವವರೂ ಇದ್ದಾರೆ. ಎರಡೂ ಒಂದೇ ಕಥನದ ಭಾಗಗಳು. ಒಂದನ್ನು ನಂಬಿ ಇನ್ನೊಂದನ್ನು ಬಿಡಲು ಪ್ರತ್ಯೇಕ ಕಾರಣ ಬೇಕು.

ಇದಕ್ಕಿಂತ ಗಟ್ಟಿಯಾದ ಆಧಾರ, ಟಿಪ್ಪು ತಂದೆಗೆ ಬರೆದುಕೊಟ್ಟನೆನ್ನಲಾದ ಮುಚ್ಚಳಿಕೆ. ಇದರ ಅನುವಾದ ವಿಲ್ಕ್ಸ್‌ನಲ್ಲಿದೆ. ತಂದೆಯ ಇಚ್ಛೆಯಿಲ್ಲದೆ ಯಾವ ಕೆಲಸವನ್ನೂ ಮಾಡುವುದಿಲ್ಲ, ಸರ್ಕಾರದ ವ್ಯವಹಾರದಲ್ಲಿ ಕದ್ದರೆ ಅಥವಾ ಸುಳ್ಳಾಡಿದರೆ ಕೊರಳು ಹಿಸುಕಬಹುದು, ಅಪ್ಪಣೆಯಿಲ್ಲದೆ ನಜರು ಸ್ವೀಕರಿಸಿದರೆ ಮೂಗು ಕೊಯ್ದು ಊರಾಚೆ ಅಟ್ಟಬಹುದು, ನೇಮಿಸಿದವರ ಸಲಹೆಯಿಲ್ಲದೆ ಪತ್ರವ್ಯವಹಾರ ನಡೆಸುವುದಿಲ್ಲ ಎಂಬ ಅರ್ಥದ ಕಲಮುಗಳು ಅದರಲ್ಲಿವೆ. ಇವೆಲ್ಲ ಸ್ವಂತ ಇಚ್ಛೆಯಿಂದ ಬರೆದದ್ದು ಎಂಬ ಮಾತು ಕೊನೆಗೆ. ಇಂಥ ಬರಹಗಳ ಭಾಷೆ ಆ ಕಾಲದ ಆಡಳಿತದಲ್ಲಿ ಬಹುಮಟ್ಟಿಗೆ ಸಿದ್ಧ ಮಾದರಿಯದು. ಹಾಗಾಗಿ ಪ್ರತಿ ಶಿಕ್ಷೆಯನ್ನೂ ಮಗನ ಭಯದ ಅಳತೆಯೆಂದು ಓದುವುದು ಅತಿಯಾದೀತು. ಆದರೂ ಅಧಿಕಾರಿಯಿಂದ ಬರೆಸಿಕೊಳ್ಳುವಂಥದನ್ನು ಮಗನಿಂದ ಬರೆಸಿಕೊಂಡದ್ದು ಆ ಸಂಬಂಧದ ಸ್ವರೂಪವನ್ನು ತಕ್ಕಮಟ್ಟಿಗೆ ತಿಳಿಸುತ್ತದೆ.

5. ಮರೆಮಾಚಿದ ಸಾವು

ಹೈದರ್ ಬೆನ್ನುಫಣಿಯಿಂದ ನರಳಿ ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ದಂಡಿನಲ್ಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಹಿಜರಿ 1196 ಮುಗಿದು 1197ರ ಮೊಹರಂ ಹುಟ್ಟುವ ಸಂಧಿಕಾಲ ಅದು. ಟಿಪ್ಪು ಆಗ ಮಲಬಾರಿನ ಪೊನ್ನಾನಿಯ ಕಡೆ ಇಂಗ್ಲಿಷರೊಡನೆ ಕಾದಾಡುತ್ತಿದ್ದ. ಪೂರ್ಣಯ್ಯ, ಕೃಷ್ಣರಾಯ ಮೊದಲಾದವರು ಸಾವಿನ ಸುದ್ದಿಯನ್ನು ಅದುಮಿಟ್ಟರು. ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ರೀತಿಯಲ್ಲಿ ಕೋಲಾರಕ್ಕೆ ಕಳುಹಿಸಲಾಯಿತು. ಎರಡನೆಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರುವ ಸಂಚು ಬಯಲಾಗಿ ಮುರಿದುಬಿತ್ತು.

ಟಿಪ್ಪು ದಂಡನ್ನು ಸೇರಿದ ದಿನದ ಬಗ್ಗೆ ಡಿಸೆಂಬರಿನ ಕೊನೆಯ ವಾರ ಮತ್ತು ಜನವರಿಯ ಮೊದಲ ದಿನಗಳ ನಡುವೆ ಆಕರಗಳು ಹೊಯ್ದಾಡುತ್ತವೆ. ಯಾವ ದಿನವನ್ನು ಹಿಡಿದರೂ, ಸಾವಿನ ನಂತರದ ಕನಿಷ್ಠ ಎರಡೂವರೆ ವಾರ ಮಗನಿಗೆ ಬಹಿರಂಗವಾಗಿ ಶೋಕಿಸುವ ಅವಕಾಶವೇ ಇರಲಿಲ್ಲ. ತಂದೆ ಬದುಕಿದ್ದಾನೆ ಎಂಬ ಸುಳ್ಳನ್ನು ಕಾಯುವುದೇ ಆಗ ಮಗನ ಕರ್ತವ್ಯವಾಗಿತ್ತು. ದಂಡಿಗೆ ಬಂದ ಮೇಲೆ ಮರ್ಯಾದೆಗಳನ್ನು ಬೇಡವೆಂದು, ಸೂರ್ಯ ಮುಳುಗಿದ ಮೇಲೆ ಪ್ರವೇಶಿಸಿ, ಸಾದಾ ಜಮಖಾನೆಯ ಮೇಲೆ ಕುಳಿತು ಸರದಾರರನ್ನು ಕಂಡನೆಂದು ವಿಲ್ಕ್ಸ್ ಬರೆಯುತ್ತಾನೆ. ಶೋಕವೋ, ಶೋಕದ ಶಿಷ್ಟಾಚಾರವೋ ಎಂದು ಅಲ್ಲಿಂದ ನಿರ್ಣಯಿಸಲು ಬರುವುದಿಲ್ಲ.

6. ಎರಡು ಸಮಾಧಿಗಳು

ಕೋಲಾರದಲ್ಲಿ ಹೈದರನ ದೇಹವನ್ನಿಟ್ಟದ್ದು ಅವನ ತಂದೆ ಫತೇ ಮುಹಮ್ಮದನ ಸಮಾಧಿಯ ಆವರಣದಲ್ಲಿ. ಅಲ್ಲಿಂದ ತೆಗೆಸಿ ಶ್ರೀರಂಗಪಟ್ಟಣದ ಗಂಜಾಮಿನ ಲಾಲ್‌ಬಾಗಿಗೆ ತಂದದ್ದು ಟಿಪ್ಪು. ಅಲ್ಲಿ ಕಪ್ಪು ನುಣುಪು ಕಲ್ಲಿನ ಕಂಬಸಾಲಿನ ಗುಂಬಜ್ 1784ರ ಹೊತ್ತಿಗೆ ಮುಗಿಯಿತು. ಸ್ಥಳಾಂತರಕ್ಕೆ ಎರಡು ವಿವರಣೆಗಳು ಸಾಧ್ಯ: ಕೋಲಾರದ ಹೂಳುವಿಕೆ ಮೊದಲಿನಿಂದಲೂ ತಾತ್ಕಾಲಿಕವಾಗಿತ್ತು, ಅಥವಾ ಹೊಸ ಅರಸುಮನೆತನಕ್ಕೆ ರಾಜಧಾನಿಯಲ್ಲೇ ಒಂದು ಸಮಾಧಿ ಬೇಕಿತ್ತು. ಇವು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಕಟ್ಟಡದ ಕೆಲಸ ಹಿಡಿದದ್ದು ಗಮನಾರ್ಹ. ಮಂಗಳೂರು ಒಪ್ಪಂದವಾದದ್ದು 1784ರ ಮಾರ್ಚ್‌ನಲ್ಲಿ. ಅಂದಹಾಗೆ, ಪ್ರವಾಸಿಗರು ಮೆಚ್ಚುವ ದಂತಖಚಿತ ಬಾಗಿಲುಗಳು ಮಗನ ಕೊಡುಗೆಯಲ್ಲ. ಅವು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಕೊಟ್ಟವು.

ಸಮಾಧಿಯ ಫಾರ್ಸಿ ಪದ್ಯದ ಕಾಲಸೂಚಕವಾಗಿ ಬರುವುದು 'ಹೈದರ್ ಅಲಿ ಖಾನ್ ಬಹಾದುರ್' ಎಂಬ ಹೆಸರೇ. ವಾಡಿಕೆಯ ಅಕ್ಷರ ಜೋಡಣೆಯನ್ನು ಹಿಡಿದು ಅಕ್ಷರಗಳಿಗೆ ಅಂಕಿ ಕೊಡುವ ಅಬ್ಜದ್ ಕ್ರಮದಲ್ಲಿ ಎಣಿಸಿದರೆ ಹೈದರ್ 222, ಅಲಿ 110, ಖಾನ್ 651, ಬಹಾದುರ್ 212, ಒಟ್ಟು 1195. ಮರಣ 1196ರ ಕೊನೆಗೆ ಎಂದರೆ ಒಂದು ವರ್ಷ ಕಡಿಮೆ, 1197ರ ಮೊದಲ ದಿನ ಎಂದರೆ ಎರಡು. ಇಂಥ ಪದ್ಯಗಳಲ್ಲಿ ಒಂದೆರಡು ಅಂಕಿಗಳ ಕೊರತೆಯನ್ನು ಕವಿಗಳು ಬೇರೆ ಸೂಚನೆಯಿಂದ ತುಂಬುವ ಪದ್ಧತಿ ಇದೆ. ಹಾಗಿಲ್ಲದಿದ್ದರೂ, ಹೆಸರು ಹೊಂದುವುದಕ್ಕಾಗಿ ವರ್ಷವನ್ನು ಸಡಿಲಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಕಲ್ಲಿನ ಮೇಲಿದೆ ಎಂಬ ಕಾರಣಕ್ಕೆ ಈ ಸಂಖ್ಯೆಯನ್ನು ಮರಣದ ವರ್ಷಕ್ಕೆ ಆಧಾರವಾಗಿ ಬಳಸಬಾರದು.

7. ನಾಣ್ಯ ಮತ್ತು ಗೋಡೆ

ಟಿಪ್ಪುವಿನ ಜೋಡಿ ರೂಪಾಯಿಯ ಹೆಸರು 'ಹೈದರಿ'. ಇದನ್ನು ಪಿತೃಭಕ್ತಿಯ ಗುರುತೆಂದು ಹೇಳುವುದುಂಟು, ಒಪ್ಪುವುದು ಕಷ್ಟ. ಅವನ ನಾಣ್ಯಗಳ ಹೆಸರುಗಳು ಪ್ರವಾದಿ, ಖಲೀಫರು, ಇಮಾಮರ ಸರಣಿಯವು: ಅಹಮದಿ, ಸಿದ್ದಿಕಿ, ಫಾರೂಕಿ, ಇಮಾಮಿ. ಆ ಸಾಲಿನಲ್ಲಿ ಹೈದರ್ ಎಂದರೆ ಮೊದಲಿಗೆ ನಾಲ್ಕನೆಯ ಖಲೀಫ ಅಲಿ. ರೂಪಾಯಿಯ ಮೇಲಿನ ಒಕ್ಕಣೆಯಲ್ಲಿ ಬರುವ 'ಹೈದರನ ವಿಜಯ'ಕ್ಕೂ ಇದೇ ಆಕ್ಷೇಪಣೆ ಸಲ್ಲುತ್ತದೆ, ತಂದೆಯ ಧ್ವನಿಯನ್ನು ಅಲ್ಲಿ ಪೂರ್ತಿ ಅಳಿಸಲಾಗದಿದ್ದರೂ.

ಇದಕ್ಕಿಂತ ಬಲವಾದದ್ದು ಇನ್ನೊಂದು ಚಿಕ್ಕ ಆಧಾರ. ಹೈದರ್ ತನ್ನ ಚಿನ್ನದ ನಾಣ್ಯಗಳ ಮೇಲೆ ಹೆಸರಿನ ಮೊದಲ ಫಾರ್ಸಿ ಅಕ್ಷರವನ್ನಷ್ಟೇ ಮುದ್ರಿಸುತ್ತಿದ್ದ. ಇನ್ನೊಂದು ಮುಖದಲ್ಲಿ ಇಕ್ಕೇರಿ ವರಹದ ಶಿವ-ಪಾರ್ವತಿಯರು ಇರುತ್ತಿದ್ದರು. ಮಗ ದೇವತಾ ಚಿತ್ರಗಳನ್ನು ಕೈಬಿಟ್ಟ. ಆ ಒಂದಕ್ಷರವನ್ನು ಹೂನು ಮತ್ತು ಹಣಗಳ ಮೇಲೆ ಉಳಿಸಿಕೊಂಡ. ಟಂಕಸಾಲೆಯ ರೂಢಿ ಎಂದು ಇದನ್ನು ಬದಿಗೆ ಸರಿಸುವಂತಿಲ್ಲ. ಅಳತೆ, ತೂಕ, ತಿಂಗಳು, ಸಂವತ್ಸರಗಳ ಹೆಸರು ಯಾವುದನ್ನೂ ರೂಢಿಯೆಂದು ಬಿಟ್ಟವನಲ್ಲ ಟಿಪ್ಪು. ತಾನು ಹುಟ್ಟಿದ ದೇವನಹಳ್ಳಿಯನ್ನೇ ಯೂಸುಫಾಬಾದ್ ಎಂದು ಕರೆದವನು. ತಂದೆಯ ಆಡಳಿತ ಕ್ರಮವನ್ನು ಇಷ್ಟು ಬದಲಿಸಿದವನು ತಂದೆಯ ಗುರುತನ್ನು ಇಟ್ಟುಕೊಂಡದ್ದು ಆಯ್ದು ಮಾಡಿದ ಕೆಲಸವಾಗಿರಬೇಕು. ಪ್ರಸ್ತುತ ಲೇಖಕನ ಮಟ್ಟಿಗೆ, ರಾಜಿ ಎಂಬ ಮಾತಿಗೆ ಹತ್ತಿರ ಬರುವ ಆಧಾರ ಇದೊಂದೇ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಕಟ್ಟಿಸಿದ್ದು 1784ರಲ್ಲಿ. ಅದರ ಪಶ್ಚಿಮ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧಕ್ಕೆ ಸಂಬಂಧಿಸಿದ ಚಿತ್ರಗಳಲ್ಲಿ ತಂದೆ-ಮಗ ಇಬ್ಬರೂ ಸೈನ್ಯದ ಮುಂದಿದ್ದಾರೆ. ಕೋಲಿನೇಟಿನ ಕಥೆಗೆ ಪ್ರತಿಯಾಗಿ ಇದನ್ನು ತೋರಿಸುವ ಆಸೆ ಸಹಜ. ಆದರೆ ಡಾಲ್‌ಹೌಸಿಯ ಅಪ್ಪಣೆಯಂತೆ ಈ ಚಿತ್ರಗಳನ್ನು ಮತ್ತೆ ಬರೆಸಲಾಗಿದೆ. ವಿಷಯದ ಆಯ್ಕೆ ಟಿಪ್ಪುವಿನದೆಂದು ಒಪ್ಪಬಹುದು. ಮುಖಭಾವ, ಇಬ್ಬರ ನಡುವಿನ ದೂರ, ಗಾತ್ರ ಇವುಗಳಿಂದ ಏನನ್ನೂ ಊಹಿಸಬಾರದು.

8. ಮೂರನೆಯ ಗೋರಿ

ಗುಂಬಜ್‌ನೊಳಗೆ ಈಗ ಮೂರು ಗೋರಿಗಳಿವೆ: ಹೈದರ್, ಟಿಪ್ಪುವಿನ ತಾಯಿ ಫಕ್ರುನ್ನೀಸಾ, ಮತ್ತು ಟಿಪ್ಪು. 1799ರ ಮೇ 4ರಂದು ಕೋಟೆ ಬಿದ್ದಾಗ ಸತ್ತ ಟಿಪ್ಪುವನ್ನು ಮರುದಿನ ಸೈನಿಕ ಮರ್ಯಾದೆಯೊಡನೆ ತಂದೆಯ ಪಕ್ಕ ಹೂಳಲಾಯಿತು. ಅದಕ್ಕೆ ಅನುಮತಿ ಕೊಟ್ಟವರು ಗೆದ್ದ ಸೇನೆಯವರು. ಆದ್ದರಿಂದ ಆ ಗೋರಿಯ ಜಾಗವನ್ನು ಮಗನ ಇಚ್ಛೆಗೆ ಆಧಾರವಾಗಿ ಎಣಿಸಲು ಬರುವುದಿಲ್ಲ.